ಆಂಟಿನೋಮಿಯನ್ ವಾದ
ದೇವರ ಕೃಪೆಯಿಂದ ರಕ್ಷಣೆ ಪಡೆದ ಕ್ರೈಸ್ತನು ಮೋಶೆಯ ಧರ್ಮಶಾಸ್ತ್ರಕ್ಕೆ, ಅದರ ನೈತಿಕ ಆಜ್ಞೆಗಳಿಗೂ, ಬದ್ಧನಲ್ಲ ಎನ್ನುವ ದೈವಶಾಸ್ತ್ರೀಯ ನಿಲುವು. ಈ ಹೆಸರನ್ನು ತಾವಾಗಿ ಇಟ್ಟುಕೊಂಡವರು ವಿರಳ. ಬಹುಮಟ್ಟಿಗೆ ಇದು ಎದುರಾಳಿಗಳು ಹೊರಿಸಿದ ಆರೋಪ. ವಿವಾದದ ಬೇರು ಹೊಸ ಒಡಂಬಡಿಕೆಯಲ್ಲಿದೆ. ಮನುಷ್ಯನು ನೀತಿವಂತನೆನಿಸುವುದು ನಂಬಿಕೆಯಿಂದ, ಧರ್ಮಶಾಸ್ತ್ರದ ಕ್ರಿಯೆಗಳಿಂದಲ್ಲ ಎಂದು ಬೋಧಿಸಿದ ಪೌಲನೇ, ರೋಮಾಪುರದವರಿಗೆ ಬರೆದ ಪತ್ರಿಕೆಯ 6ನೆಯ ಅಧ್ಯಾಯದಲ್ಲಿ, ಕೃಪೆಯ ನೆಪದಲ್ಲಿ ಪಾಪವನ್ನು ಮುಂದುವರಿಸಬಹುದೆಂಬ ತೀರ್ಮಾನವನ್ನು ತಳ್ಳಿಹಾಕುತ್ತಾನೆ. ಯಾಕೋಬನ ಪತ್ರಿಕೆ ನಂಬಿಕೆಯ ಜೊತೆಗೆ ಕ್ರಿಯೆಯನ್ನೂ ಕೇಳುತ್ತದೆ.

ವಾದ ಸ್ಪಷ್ಟ ರೂಪ ತಳೆದದ್ದು ಸುಧಾರಣಾ ಯುಗದ ಜರ್ಮನಿಯಲ್ಲಿ. ಪಶ್ಚಾತ್ತಾಪ ಹುಟ್ಟಿಸುವುದು ಧರ್ಮಶಾಸ್ತ್ರವಲ್ಲ, ಸುವಾರ್ತೆ ಎಂದು ಯೊಹಾನೆಸ್ ಅಗ್ರಿಕೊಲ ಪ್ರತಿಪಾದಿಸಿದ. ಒಂದು ಕಾಲದಲ್ಲಿ ಅವನ ಗುರುವಾಗಿದ್ದ ಮಾರ್ಟಿನ್ ಲೂಥರ್, ಪಾಪದ ಅರಿವು ಮೂಡಿಸಲು ಧರ್ಮಶಾಸ್ತ್ರ ಬೇಕೇಬೇಕೆಂದು 1537ರಿಂದ ಸರಣಿ ವಾದಸಭೆಗಳಲ್ಲಿ ಅವನ ವಾದವನ್ನು ಖಂಡಿಸಿ, 1539ರಲ್ಲಿ ಕಿರುಗ್ರಂಥವನ್ನೂ ಪ್ರಕಟಿಸಿದ. ಆಜ್ಞೆಗಳು ವಿಶ್ವಾಸಿಯ ನಡತೆಗೂ ಮಾರ್ಗದರ್ಶಿ ಎಂಬ ಮಾತನ್ನು ಲೂಥರನ್ ಪಂಥದ 1577ರ ಕಾನ್‌ಕಾರ್ಡ್ ಸೂತ್ರ ಸೇರಿಸಿತು. ಸುಧಾರಕ ಕ್ಯಾಲ್ವಿನ್‌ಗೆ ಧರ್ಮಶಾಸ್ತ್ರದ ಮುಖ್ಯ ಉಪಯೋಗವೇ ಈ ಮಾರ್ಗದರ್ಶನ. ಕೃಪೆ ಪಡೆದವನಿಗೆ ಆಜ್ಞಾಪಾಲನೆ ಅನಗತ್ಯವೆಂಬ ಮತವನ್ನು ಕ್ಯಾಥೊಲಿಕರ ಟ್ರೆಂಟ್ ಮಹಾಸಭೆ 1547ರಲ್ಲಿ ಬಹಿಷ್ಕರಿಸಿತು.

ಇದೇ ಆರೋಪ ಎದ್ದ ಅಮೆರಿಕದ ಮ್ಯಾಸಚೂಸೆಟ್ಸ್ ಬೇ ವಸಾಹತಿನಲ್ಲಿ, ಸದಾಚಾರವನ್ನು ರಕ್ಷಣೆಯ ಪುರಾವೆಯಾಗಿ ಬೋಧಿಸುತ್ತಿದ್ದ ಪಾದ್ರಿಗಳನ್ನು ಟೀಕಿಸಿದ ಆನ್ ಹಚಿನ್ಸನ್‌ಗೆ 1637ರಲ್ಲಿ ಗಡೀಪಾರು ಶಿಕ್ಷೆಯಾಯಿತು.