ಫಲ ದಕ್ಕದ ನಾಯಕ: ‘ಬಂಗಾರದ ಮನುಷ್ಯ’ದ ಕಥಾಸಂಧಿಗಳು

ಚಿತ್ರಕಥೆ ಕಲಿಯಲು ಹೊರಟವರ ಕೈಗೆ ಮೊದಲು ಸಿಗುವುದು ಮೂರು ಅಂಕಗಳ ಸೂತ್ರ. ಅಮೆರಿಕದ ಸಿಡ್ ಫೀಲ್ಡ್ 1979ರಲ್ಲಿ ಹೊರತಂದ ‘ಸ್ಕ್ರೀನ್‌ಪ್ಲೇ’ ಪುಸ್ತಕ ಇದನ್ನು ಪುಟಗಳ ಲೆಕ್ಕಕ್ಕೆ ಇಳಿಸಿತು. ಪುಟಕ್ಕೊಂದು ನಿಮಿಷದಂತೆ 120 ಪುಟಗಳ ಚಿತ್ರಕಥೆ. ಮೊದಲ 30 ಪುಟಗಳಲ್ಲಿ ನಾಯಕನ ಪರಿಚಯ, ನಡುವಣ 60ರಲ್ಲಿ ಸಂಘರ್ಷ, ಉಳಿದ 30ರಲ್ಲಿ ಪರಿಹಾರ. ಇದರ ಪಕ್ಕದಲ್ಲೇ ಜೋಸೆಫ್ ಕ್ಯಾಂಪ್‌ಬೆಲ್ 1949ರಲ್ಲಿ ವಿವರಿಸಿದ ವೀರನ ಪಯಣವಿದೆ: ನಾಯಕ ಮನೆ ಬಿಟ್ಟು ಹೊರಡುತ್ತಾನೆ, ಪರೀಕ್ಷೆಗಳನ್ನು ಗೆಲ್ಲುತ್ತಾನೆ, ತನ್ನವರಿಗಾಗಿ ವರವೊಂದನ್ನು ಹೊತ್ತು ಮರಳುತ್ತಾನೆ. ಕ್ಯಾಂಪ್‌ಬೆಲ್ ಗುರುತಿಸಿದ 17 ಘಟ್ಟಗಳನ್ನು ಕ್ರಿಸ್ಟೋಫರ್ ವೋಗ್ಲರ್ ಚಿತ್ರಕಥೆಗಾರರ ಅನುಕೂಲಕ್ಕೆಂದು 12ಕ್ಕೆ ಇಳಿಸಿದರು.

ಈ ಎರಡು ಮಾದರಿಗಳೂ ಒಂದು ಸಂಗತಿಯನ್ನು ಪ್ರಶ್ನಿಸದೆ ಒಪ್ಪಿಕೊಂಡಿವೆ. ಬೇಕು ಎಂದವನೂ ನಾಯಕನೇ, ಪಡೆಯುವವನೂ ನಾಯಕನೇ. ಕನ್ನಡದ ಒಂದು ಮುಖ್ಯ ಬಗೆಯ ಚಿತ್ರಗಳಲ್ಲಿ ಇವೆರಡು ಬೇರೆಯಾಗುತ್ತವೆ, ಹಾಗೆ ಬೇರೆಯಾದಾಗ ಅಂಕಗಳು ಮುರಿಯುವ ಜಾಗವೇ ಬದಲಾಗುತ್ತದೆ ಎಂಬುದು ಈ ಲೇಖನದ ವಾದ. ಅದಕ್ಕೆ ಮುಖ್ಯ ಆಧಾರವಾಗಿ ಟಿ.ಕೆ. ರಾಮರಾಯರ ಕಾದಂಬರಿಯನ್ನು ಆಧರಿಸಿ ಸಿದ್ಧಲಿಂಗಯ್ಯ ನಿರ್ದೇಶಿಸಿದ ‘ಬಂಗಾರದ ಮನುಷ್ಯ’ವನ್ನು (1972) ತೆಗೆದುಕೊಂಡಿದ್ದೇನೆ.

ಮೊದಲು ಅಳತೆಗೋಲಿನ ವಿಚಾರ. ಭರತನ ನಾಟ್ಯಶಾಸ್ತ್ರ ಕಥಾವಸ್ತುವಿಗೆ ಮುಖ, ಪ್ರತಿಮುಖ, ಗರ್ಭ, ವಿಮರ್ಶ, ನಿರ್ವಹಣ ಎಂಬ ಐದು ಸಂಧಿಗಳನ್ನು ಹೇಳುತ್ತದೆ. ನಾಯಕನ ಪ್ರಯತ್ನಕ್ಕೆ ಆರಂಭದಿಂದ ಫಲಾಗಮದವರೆಗೆ ಐದು ಅವಸ್ಥೆಗಳು. ಸಂಧಿಯೂ ಅಂಕವೂ ಒಂದೇ ಅಲ್ಲ ಎಂಬುದನ್ನು ನಾವು ಹಲವು ಸಲ ಮರೆಯುತ್ತೇವೆ. ‘ಅಭಿಜ್ಞಾನಶಾಕುಂತಲ’ದಲ್ಲಿ ಏಳು ಅಂಕಗಳಿವೆ, ಸಂಧಿಗಳು ಐದೇ. ಅಂಕವೆಂಬುದು ರಂಗದ ಮೇಲಿನ ಕಾಲದ ವಿಭಾಗ. ಸಂಧಿಯೆಂಬುದು ಕಥೆಯ ಒಳಗಿನ ಕೀಲು. ನಮ್ಮ ಚಿತ್ರಗಳ ಮಧ್ಯಂತರ ಅಂಕದ ಜಾತಿಗೆ ಸೇರಿದ್ದು. ಚಿತ್ರಮಂದಿರದ ದೀಪ ಹತ್ತಿದ ಮಾತ್ರಕ್ಕೆ ಕಥೆ ತಿರುಗಿತು ಎನ್ನಲಾಗದು. ಮಧ್ಯಂತರದ ತಿರುವು ಒಂದನ್ನೇ ಗಟ್ಟಿ ಮಾಡಿಕೊಂಡು, ಉಳಿದ ಕೀಲುಗಳನ್ನು ಸಡಿಲ ಬಿಟ್ಟ ಚಿತ್ರಕಥೆಗಳು ಇಂದಿಗೂ ಬರುತ್ತಿರುವುದು ಬೇಸರದ ಸಂಗತಿ.

‘ಬಂಗಾರದ ಮನುಷ್ಯ’ದ ಮುಖಸಂಧಿಯಲ್ಲಿ ಗೊಂದಲವಿಲ್ಲ. ನಾಯಕ ರಾಜೀವ ಅಕ್ಕನ ಊರಿಗೆ ಬಂದಾಗ ಭಾವ ತೀರಿಕೊಂಡಿರುತ್ತಾನೆ, ಸಂಸಾರ ಸಾಲದಲ್ಲಿರುತ್ತದೆ. ಅವನು ಅಲ್ಲೇ ನಿಲ್ಲುತ್ತಾನೆ. ಫೀಲ್ಡ್ ಹೇಳುವ ಮೊದಲ ತಿರುವು ಇದೇ. ಆದರೆ ಇಲ್ಲಿ ಬೀಜವಾಗಿ ಬಿದ್ದದ್ದು ಆಸೆಯಲ್ಲ, ಹೊಣೆ. ಬಂಡೆ ಒಡೆದು ಬರಡು ನೆಲವನ್ನು ಹಸಿರು ಮಾಡುವುದು, ಸಾಲ ತೀರಿಸುವುದು, ಅಕ್ಕನ ಮಕ್ಕಳನ್ನು ಓದಿಸುವುದು ಎಲ್ಲವೂ ಆ ಹೊಣೆಯ ಕವಲುಗಳು. ಕಲ್ಲು ಒಡೆಯುವ ದೃಶ್ಯಗಳು ನೋಡುಗರ ನೆನಪಿನಲ್ಲಿ ಎಷ್ಟೇ ಗಟ್ಟಿಯಾಗಿ ಉಳಿದಿದ್ದರೂ, ರಚನೆಯ ದೃಷ್ಟಿಯಿಂದ ಅವು ಚಿತ್ರದ ತುದಿಯಲ್ಲ. ನೆಲ ಒಲಿಯುವುದು ಕಥೆ ಮುಗಿಯುವುದಕ್ಕೆ ಬಹಳ ಮೊದಲೇ. ನಾಯಕನ ಗುರಿಯೇ ಅಂಕಗಳನ್ನು ಅಳೆಯುವ ಕೋಲು ಎನ್ನುವುದಾದರೆ, ಈ ಚಿತ್ರದ ಕೊನೆಯ ಭಾಗ ಅನಗತ್ಯ ಬಾಲವಾಗಬೇಕಿತ್ತು. ವಾಸ್ತವದಲ್ಲಿ ಅದೇ ಚಿತ್ರದ ಜೀವ.

ಲಕ್ಷ್ಮಿಯ ಸಾವನ್ನು ನೋಡಿ. ರಾಜೀವನ ಹೆಂಡತಿ ಬಾವಿಗೆ ಬಿದ್ದು ಸಾಯುತ್ತಾಳೆ. ಹಾಲಿವುಡ್ ಪಾಠದ ಪ್ರಕಾರ ಇದು ‘ಎಲ್ಲವೂ ಕೈಬಿಟ್ಟ’ ಘಳಿಗೆ. ನಾಯಕನ ಗುರಿಗೇ ಕುತ್ತು ಬರಬೇಕು. ಇಲ್ಲಿ ಗುರಿಗೆ ಏನೂ ಆಗುವುದಿಲ್ಲ. ಹೊಲ ಬೆಳೆಯುತ್ತದೆ, ಮಕ್ಕಳು ಓದುತ್ತಾರೆ. ಈ ಸಾವು ಕಡಿಯುವುದು ರಾಜೀವ ತನಗೆಂದು ಇಟ್ಟುಕೊಂಡಿದ್ದ ಒಂದೇ ಪಾಲನ್ನು. ಅವನದೇ ಆದ ಸಂಸಾರದ ಬಾಗಿಲು ಮುಚ್ಚಿತು. ಇನ್ನು ಅವನಿಗಿರುವುದು ಅಕ್ಕನ ಮನೆಯೊಂದೇ. ಹಾಗಾಗಿ ಇದನ್ನು, ಫಲಕ್ಕೆ ಅಡ್ಡಿ ಎದುರಾಗುವ ವಿಮರ್ಶಸಂಧಿಯೆಂದು ಗುರುತಿಸುವುದು ತಪ್ಪಾಗುತ್ತದೆ. ಆ ಕೊನೆಯ ಮನೆಯೂ ಕೈತಪ್ಪುವ ಘಟ್ಟಕ್ಕೆ ಇದು ನೆಲ ಹದ ಮಾಡುತ್ತದೆ, ಅಷ್ಟೆ.

ನಿಜವಾದ ವಿಮರ್ಶಸಂಧಿ ಊಟದ ಹೊತ್ತಿನಲ್ಲಿದೆ. ತಾನೇ ಓದಿಸಿ ಬೆಳೆಸಿದ ಅಕ್ಕನ ಮಗ ಕೇಶವ ಮಾವನ ಹಕ್ಕನ್ನೂ ನಡತೆಯನ್ನೂ ಪ್ರಶ್ನಿಸುತ್ತಾನೆ. ರಾಜೀವ ವಾದಿಸುವುದಿಲ್ಲ, ಊಟ ಬಿಟ್ಟು ಎದ್ದು ಹೊರಡುತ್ತಾನೆ. ಅನ್ನ ಬೆಳೆದವನು ಅದೇ ಅನ್ನದ ಮುಂದಿನಿಂದ ಏಳುವ ಈ ದೃಶ್ಯ ಎರಡು ಗಂಟೆಯಿಂದ ಕಟ್ಟಿಕೊಂಡು ಬಂದದ್ದೆಲ್ಲವನ್ನೂ ಒಂದೇ ಕೀಲಿಗೆ ತಂದು ನಿಲ್ಲಿಸುತ್ತದೆ. ಅವನು ಗುಟ್ಟಾಗಿ ನೆರವಾಗುತ್ತಿದ್ದ ಶಾರದೆಯ ನಿಜಸಂಗತಿ ತಿಳಿಯುವ ಹೊತ್ತಿಗೆ ಅವನು ಮನೆಯಲ್ಲಿಲ್ಲ. ನಿರ್ವಹಣಸಂಧಿಯಲ್ಲಿ ಸತ್ಯ ಬಯಲಾಗಬೇಕು, ಚದುರಿದ್ದೆಲ್ಲ ಒಂದುಗೂಡಬೇಕು ಎಂಬ ಶಾಸ್ತ್ರದ ನಿಯಮ ಇಲ್ಲಿ ಪಾಲನೆಯಾಗಿದೆ. ನಾಯಕನೊಬ್ಬ ಆ ಕೂಟದಲ್ಲಿಲ್ಲ, ಅಷ್ಟೇ ವ್ಯತ್ಯಾಸ. ಫಲಾಗಮವಾಗಿದೆ, ಫಲ ಬೇರೆಯವರ ಪಾಲಾಗಿದೆ.

ಇಲ್ಲಿ ಒಂದು ಆಕ್ಷೇಪ ಬರಬಹುದು. ಕೊನೆಯಲ್ಲಿ ಹೊರಟುಹೋಗುವ ನಾಯಕ ಹಾಲಿವುಡ್ಡಿಗೂ ಹೊಸಬನಲ್ಲ. ‘ಶೇನ್’ (1953), ‘ದಿ ಸರ್ಚರ್ಸ್’ (1956) ಕಣ್ಣ ಮುಂದಿವೆ. ಆದರೆ ಶೇನ್ ತಾನು ನೆರವಾಗುವ ಕುಟುಂಬಕ್ಕೆ ಹೊರಗಿನವನು. ಎಲ್ಲಿಂದಲೋ ಬಂದವನು ಮರಳಿ ಹೋಗುವುದು ಆ ಕಥೆಯ ಒಪ್ಪಂದದಲ್ಲೇ ಇದೆ. ರಾಜೀವ ಸೋದರಮಾವ. ನಮ್ಮ ಕಡೆ ತಂದೆಯಿಲ್ಲದ ಮಕ್ಕಳಿಗೆ ಸೋದರಮಾವನೆಂದರೆ ಏನೆಂದು ವಿವರಿಸಬೇಕಿಲ್ಲ. ಅವನ ನಿರ್ಗಮನದಿಂದ ಇಡೀ ಚಿತ್ರ ಕಟ್ಟಿದ ನಂಟೇ ಹರಿಯುತ್ತದೆ. ಆದ್ದರಿಂದ ಈ ಬಗೆಯ ಚಿತ್ರದಲ್ಲಿ ಕೀಲುಗಳನ್ನು ನಾಯಕನ ಗುರಿಯಲ್ಲಿ ಹುಡುಕದೆ, ಮನೆಯವರೊಡನೆ ಅವನ ನಂಟು ಬದಲಾಗುವ ಜಾಗಗಳಲ್ಲಿ ಹುಡುಕಬೇಕು ಎಂದು ನನಗನಿಸುತ್ತದೆ. ನಂಟು ಬೆಸೆದದ್ದು, ಗಟ್ಟಿಯಾದದ್ದು, ಅದೊಂದೇ ಉಳಿದದ್ದು, ಹರಿದದ್ದು. ಬರೆಯುವವರು ಮೊದಲು ಗುರುತು ಹಾಕಿಕೊಳ್ಳಬೇಕಾದದ್ದು ಈ ನಾಲ್ಕನ್ನು. ಪುಟಸಂಖ್ಯೆ ಆಮೇಲಿನ ಮಾತು.

ಈ ಓದು ಒಂದೇ ಚಿತ್ರಕ್ಕೆ ಸೀಮಿತವಲ್ಲ ಎನ್ನಲು ದೊರೈ–ಭಗವಾನ್ ನಿರ್ದೇಶನದ ‘ಕಸ್ತೂರಿ ನಿವಾಸ’ (1971) ಸಾಕ್ಷಿ. ಬೆಂಕಿಪೊಟ್ಟಣದ ಕಾರ್ಖಾನೆಯ ಒಡೆಯ ರವಿವರ್ಮನಿಗೆ ಚಿತ್ರದುದ್ದಕ್ಕೂ ಹೊಸ ಗುರಿಯೇ ಇಲ್ಲ. ಕೊಡುವುದೊಂದೇ ಅವನ ಸ್ವಭಾವ. ಹಣ, ಕಾರ್ಖಾನೆ, ಮನೆ ಒಂದೊಂದಾಗಿ ಹೋಗುತ್ತವೆ. ಕೊಡಲು ಇನ್ನೇನು ಉಳಿದಿದೆ ಎಂಬುದೇ ಅಲ್ಲಿ ಅಂಕಗಳನ್ನು ಬೇರ್ಪಡಿಸುವ ಗೆರೆ. ಕೊನೆಗೆ ನೀಲಾ ಎಂಬಾಕೆ ಅವನ ಪಾರಿವಾಳವನ್ನು ಕೇಳಲು ಬರುತ್ತಾಳೆ. ಅವಳಿಗೆ ಊಟ ಹಾಕುವುದಕ್ಕಾಗಿ ಆ ಪಾರಿವಾಳವೇ ಕೈಬಿಟ್ಟು ಹೋಗಿರುತ್ತದೆ.

ಇಟಲಿಯ ಬೊಕಾಚಿಯೊ ಹದಿನಾಲ್ಕನೆಯ ಶತಮಾನದಲ್ಲಿ ಬರೆದ ‘ಡೆಕಾಮೆರಾನ್’ನಲ್ಲಿ ಇದೇ ಸನ್ನಿವೇಶದ ಕಥೆಯಿದೆ. ಬಡವನಾದ ಫೆಡರಿಗೊ ತಾನು ಪ್ರೀತಿಸುವ ವಿಧವೆ ಮನೆಗೆ ಬಂದಾಗ, ಕೊಡಲು ಬೇರೇನೂ ಇಲ್ಲದೆ ತನ್ನ ಪ್ರೀತಿಯ ಗಿಡುಗವನ್ನೇ ಅಡಿಗೆ ಮಾಡಿಸಿ ಬಡಿಸುತ್ತಾನೆ. ಅವಳು ಬಂದದ್ದು ಕಾಯಿಲೆಯ ಮಗನಿಗಾಗಿ ಆ ಗಿಡುಗವನ್ನು ಕೇಳಲೆಂದೇ. ಮಗ ಬದುಕುವುದಿಲ್ಲ, ಆದರೆ ಫೆಡರಿಗೊನ ದೊಡ್ಡ ಮನಸ್ಸನ್ನು ಕಂಡ ಅವಳು ಮುಂದೆ ಅವನನ್ನೇ ಮದುವೆಯಾಗುತ್ತಾಳೆ. ಅವಳ ಸಿರಿಯೂ ಅವನದಾಗುತ್ತದೆ. ಬೊಕಾಚಿಯೊ ಕೊಟ್ಟವನಿಗೆ ಫಲ ಕೊಡಿಸಿ ಕಥೆ ಮುಗಿಸಿದ. ‘ಕಸ್ತೂರಿ ನಿವಾಸ’ದಲ್ಲಿ ಕೀಲು ಅದೇ ಇದೆ, ಊಟವೂ ಅದೇ, ಕೇಳಲು ಬಂದವಳೂ ಹಾಗೆಯೇ ಇದ್ದಾಳೆ. ಆದರೆ ಚಿತ್ರ ಅಲ್ಲಿಂದ ಮದುವೆಯ ಕಡೆಗೋ ಮರಳಿ ಬರುವ ಸಿರಿಯ ಕಡೆಗೋ ಹೊರಳುವುದಿಲ್ಲ. ‘ಕೊಡಲು ಇನ್ನೇನೂ ಇಲ್ಲ’ ಎಂಬುದು ರವಿವರ್ಮನಿಗೆ ತಿಳಿದ ಘಳಿಗೆಯೇ ಅವನ ಕಥೆಯ ನಿರ್ವಹಣಸಂಧಿ, ಅವನ ಸಾವೂ ಅಲ್ಲೇ.