ಕಿಟಕಿಯೊಳಗೆ ಐದು ಊರು

ಗದಗಿಗೆ ‘ಮುದ್ರಣ ಕಾಶಿ’ ಎಂಬ ಹೆಸರಿದೆ. ಕನ್ನಡ ನಾಡಿನ ಎಷ್ಟೋ ಮನೆಗಳ ಶಾಲಾ ಪುಸ್ತಕ, ನಿಘಂಟುಗಳ ಮೇಲೆ ಈ ಊರಿನ ಹೆಸರು ಅಚ್ಚಾಗಿ ಬಂದಿದೆ. ಆ ಕಾಲದ ಅಚ್ಚುಕೂಟದಲ್ಲಿ ಮೊಳೆ ಜೋಡಿಸುವವನೇ ಮುಖ್ಯ ಮನುಷ್ಯ. ಎದುರಿಗೆ ನೂರಾರು ಮನೆಗಳ ಕೇಸು. ಒಂದೊಂದು ಮನೆಯಲ್ಲಿ ಒಂದೊಂದು ಅಕ್ಷರ, ಗುಣಿತ, ಒತ್ತು. ‘ಲಕ್ಷ್ಮೇಶ್ವರ’ ಎಂಬ ಹೆಸರು ಬಂದರೆ ಯಾವ ಮೊಳೆಯ ಪಕ್ಕ ಯಾವ ಮೊಳೆ ನಿಲ್ಲಬೇಕು, ಯಾವ ಒತ್ತು ಕೆಳಗೆ ಇಳಿಯಬೇಕು ಎಂಬುದು ಅವನ ಬೆರಳಿಗೇ ಗೊತ್ತಿತ್ತು. ಓದುಗನಿಗೆ ಆ ಕೆಲಸ ಕಾಣುತ್ತಿರಲಿಲ್ಲ, ಹೆಸರು ಮಾತ್ರ ಕಾಣುತ್ತಿತ್ತು.

ಮೊಳೆಗಳು ಹೋದವು, ಡಿಟಿಪಿ ಬಂತು, ಈಗ ಎಲ್ಲವೂ ಪರದೆಯ ಮೇಲೆ. ಹಾಗಾದರೆ ಆ ಬೆರಳಿನ ಕೆಲಸವನ್ನು ಈಗ ಯಾರು ಮಾಡುತ್ತಾರೆ? ಸಾಹಿತ್ಯ ಓದಿಕೊಂಡ ನಾನು ಪೈಥಾನ್ ಕಲಿಯಲು ಕೂತಾಗ ಈ ಪ್ರಶ್ನೆಗೆ ಎದುರಾದೆ. ನಾನು ಕಟ್ಟಲು ಹೊರಟದ್ದು ಬಹಳ ಸಣ್ಣ ಕಾರ್ಯಕ್ರಮ: ಪರದೆಯ ಮೇಲೆ ಒಂದು ಕಿಟಕಿ, ಅದರಲ್ಲಿ ಐದು ಬಟನ್. ಗದಗ, ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ. ಯಾವ ಊರನ್ನು ಒತ್ತಿದರೂ ಅದರ ಬಗ್ಗೆ ಒಂದು ಸಾಲು ಕೆಳಗೆ ಕಾಣಬೇಕು. ಇಷ್ಟನ್ನು ಅರ್ಥ ಮಾಡಿಕೊಳ್ಳಲು ಸುಮಾರು 60 ವರ್ಷಗಳ ಚರಿತ್ರೆ ಓದಬೇಕಾಯಿತು.

ಕಂಪ್ಯೂಟರಿನ ಪರದೆಯ ಮೇಲೆ ಕೈಯಾಡಿಸಿ ಕೆಲಸ ಮಾಡಬಹುದು ಎಂದು 1963ರಲ್ಲಿ ತೋರಿಸಿದವನು ಅಮೆರಿಕದ ಎಂಐಟಿಯ ವಿದ್ಯಾರ್ಥಿ ಐವಾನ್ ಸದರ್ಲೆಂಡ್. ಅವನ ‘ಸ್ಕೆಚ್‌ಪ್ಯಾಡ್’ನಲ್ಲಿ ಬೆಳಕಿನ ಲೇಖನಿಯಿಂದ ಪರದೆಯ ಮೇಲೆಯೇ ಗೆರೆ ಎಳೆಯಬಹುದಿತ್ತು. 1968ರ ಡಿಸೆಂಬರ್ 9ರಂದು ಡಗ್ಲಾಸ್ ಎಂಗೆಲ್‌ಬಾರ್ಟ್ ಸ್ಯಾನ್ ಫ್ರಾನ್ಸಿಸ್ಕೊದ ಸಭೆಯಲ್ಲಿ ಮೌಸ್ ಹಿಡಿದು ಪ್ರಾತ್ಯಕ್ಷಿಕೆ ಕೊಟ್ಟ. 1973ರಲ್ಲಿ ಜೆರಾಕ್ಸ್ ಕಂಪನಿಯ ಪಾರ್ಕ್ ಪ್ರಯೋಗಾಲಯದಲ್ಲಿ ‘ಆಲ್ಟೊ’ ಸಿದ್ಧವಾಯಿತು. ಅಲ್ಲಿಯೇ ಅಲನ್ ಕೇ, ಅಡೆಲ್ ಗೋಲ್ಡ್‌ಬರ್ಗ್, ಡ್ಯಾನ್ ಇಂಗಲ್ಸ್ ಮುಂತಾದವರು ‘ಸ್ಮಾಲ್‌ಟಾಕ್’ ಭಾಷೆಯನ್ನು ಬೆಳೆಸಿದರು. ಒಂದರ ಮೇಲೊಂದು ಹಾಯುವ ಕಿಟಕಿಗಳು ಅಲ್ಲಿಂದ ಬಂದವು. 1984ರಲ್ಲಿ ಆಪಲ್‌ನ ಮ್ಯಾಕಿಂಟಾಷ್ ಅದನ್ನು ಮನೆಗಳಿಗೆ ಒಯ್ದಿತು. ಅದೇ ವರ್ಷ ಎಂಐಟಿಯಲ್ಲಿ ‘ಎಕ್ಸ್’ ಎಂಬ ಕಿಟಕಿ ವ್ಯವಸ್ಥೆ ಶುರುವಾಯಿತು.

ಆದರೆ ಎಕ್ಸ್‌ಗೆ ಬಟನ್ ಎಂದರೆ ಏನೆಂದು ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಚೌಕ, ಗೆರೆ, ಬಣ್ಣ, ಮೌಸ್ ಎಲ್ಲಿ ಒತ್ತಿತು ಎಂಬ ಸುದ್ದಿ, ಇಷ್ಟೇ. ಚೌಕವನ್ನು ಬಟನ್‌ನಂತೆ ಕಾಣಿಸುವುದು, ಒತ್ತಿದಾಗ ತಗ್ಗಿದಂತೆ ತೋರಿಸುವುದು, ಪಠ್ಯವನ್ನು ನಡುವೆ ಕೂರಿಸುವುದು ಬೇರೆ ಯಾರದೋ ಕೆಲಸ. ಆ ಬೇರೆ ಯಾರೋ ಎಂಬುದೇ ಟೂಲ್‌ಕಿಟ್. ಬಡಗಿ ಪ್ರತಿ ಬಾಗಿಲಿಗೂ ಹೊಸದಾಗಿ ಕೀಲು ಎರಕ ಹೊಯ್ಯುವುದಿಲ್ಲ, ಪೆಟ್ಟಿಗೆಯಿಂದ ತೆಗೆದು ಜೋಡಿಸುತ್ತಾನೆ. ಹಾಗೆ ಸಿದ್ಧ ಭಾಗಗಳನ್ನು ಇಟ್ಟುಕೊಂಡ ಪೆಟ್ಟಿಗೆ ಇದು. ಒಂದೊಂದು ಭಾಗಕ್ಕೂ ‘ವಿಜೆಟ್’ ಎಂದು ಹೆಸರು.

ನಾನು ಮೊದಲು ತೆರೆದ ಪೆಟ್ಟಿಗೆ ‘ಟಿಕೆ’. ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಿದ್ದ ಜಾನ್ ಔಸ್ಟರ್‌ಹೌಟ್ 1988ರಲ್ಲಿ ‘ಟಿಸಿಎಲ್’ ಎಂಬ ಪುಟ್ಟ ಭಾಷೆ ಮಾಡಿದರು. ಅದರ ಜೊತೆಗಾರನಾಗಿ ಟಿಕೆಯನ್ನು ಕಟ್ಟಲು ತೊಡಗಿ 1991ರಲ್ಲಿ ಹೊರತಂದರು. ಆಗ ಯುನಿಕ್ಸ್ ಯಂತ್ರಗಳಲ್ಲಿ ‘ಮೋಟಿಫ್’ ಎಂಬ ದೊಡ್ಡ ಟೂಲ್‌ಕಿಟ್ ಇತ್ತು. ಅದರಲ್ಲಿ ಒಂದು ಬಟನ್‌ಗೆ ಸಿ ಭಾಷೆಯ ಎಷ್ಟೋ ಸಾಲು ಬರೆಯಬೇಕು. ಟಿಕೆಯಲ್ಲಿ ಒಂದೆರಡು ಸಾಲು ಸಾಕು. ಈ ಕೆಲಸಕ್ಕಾಗಿ ಔಸ್ಟರ್‌ಹೌಟ್ ಅವರಿಗೆ 1997ರಲ್ಲಿ ಎಸಿಎಂ ಸಂಸ್ಥೆಯ ತಂತ್ರಾಂಶ ಪ್ರಶಸ್ತಿ ಬಂತು. ಪೈಥಾನ್ ಭಾಷೆಗೆ ಟಿಕೆಯನ್ನು ಜೋಡಿಸಿದವರು ಸ್ಟೀನ್ ಲುಂಹೋಲ್ಟ್ ಮತ್ತು ಗಿಡೊ ವಾನ್ ರೋಸಮ್. ಆ ಜೋಡಣೆಯೇ ‘ಟಿಕಿಂಟರ್’. ಇಂದಿಗೂ ಪೈಥಾನ್ ಕಲಿಯುವವರಲ್ಲಿ ಅನೇಕರ ಮೊದಲ ಕಿಟಕಿ ತೆರೆಯುವುದು ಇದರಿಂದಲೇ.

ಹೊಸಬನಿಗೆ ಇಲ್ಲಿ ಮೂರು ಸಂಗತಿ ಒಗ್ಗಬೇಕು. ಮೊದಲನೆಯದು ತಾಯಿ-ಮಗುವಿನ ಸಂಬಂಧ. ಪ್ರತಿ ವಿಜೆಟ್‌ಗೂ ಒಂದು ತಾಯಿ ಇರಬೇಕು. ಬಟನ್‌ಗೆ ಚೌಕಟ್ಟು ತಾಯಿ, ಚೌಕಟ್ಟಿಗೆ ಕಿಟಕಿ ತಾಯಿ. ತಾಯಿಯನ್ನು ಅಳಿಸಿದರೆ ಮಕ್ಕಳೂ ಅಳಿಯುತ್ತವೆ. ಟಿಕೆಯಲ್ಲಿ ಒಮ್ಮೆ ಹುಟ್ಟಿದ ಬಟನ್‌ಗೆ ತಾಯಿಯನ್ನು ಬದಲಿಸಲು ಬರುವುದಿಲ್ಲ. ಅದನ್ನು ಅಳಿಸಿ ಬೇರೆ ಕಡೆ ಹೊಸದಾಗಿ ಹುಟ್ಟಿಸಬೇಕು. ಶಿರಹಟ್ಟಿ ತಾಲ್ಲೂಕಿನಲ್ಲಿದ್ದ ಲಕ್ಷ್ಮೇಶ್ವರವನ್ನು ಸರ್ಕಾರ ಬೇರೆ ತಾಲ್ಲೂಕು ಮಾಡಬಲ್ಲದು, 1997ರಲ್ಲಿ ಧಾರವಾಡದಿಂದ ಗದಗನ್ನು ಬಿಡಿಸಿ ಜಿಲ್ಲೆ ಮಾಡಬಲ್ಲದು. ಟಿಕೆಗೆ ಆ ಅಧಿಕಾರ ಇಲ್ಲ.

ಎರಡನೆಯದು ಜಾಗ. ಬಟನ್ ಹುಟ್ಟಿದ ಮಾತ್ರಕ್ಕೆ ಕಾಣುವುದಿಲ್ಲ, ಅದನ್ನು ಕೂರಿಸಬೇಕು. ‘ಪ್ಯಾಕ್’ ಎಂಬ ವಿಧಾನ ಅಚ್ಚುಕೂಟದ ಗೇಲಿಯಂತೆ: ಒಂದಾದ ಮೇಲೊಂದು ಜೋಡಿಸುತ್ತ ಹೋಗುವುದು, ನಡುವೆ ಬೇಕಾದಷ್ಟು ಸಂದು ಬಿಡುವುದು. ಕಂಪೋಜಿಟರ್ ಸಾಲುಗಳ ನಡುವೆ ಲೆಡ್ ಇಟ್ಟು ಉಸಿರಾಡಲು ಜಾಗ ಮಾಡುತ್ತಿದ್ದ. ಇಲ್ಲಿ ಅದನ್ನು ಅಂಕಿಯಲ್ಲಿ ಹೇಳುತ್ತೇವೆ. ‘ಗ್ರಿಡ್’ ಎಂಬುದು ಬೆಟಗೇರಿಯ ಮಗ್ಗದ ಲೆಕ್ಕ. ಹಾಸು-ಹೊಕ್ಕಿನಂತೆ ಅಡ್ಡ ಸಾಲು, ಉದ್ದ ಸಾಲು. ಯಾವ ಬಟನ್ ಯಾವ ಅಡ್ಡಕ್ಕೆ, ಯಾವ ಉದ್ದಕ್ಕೆ ಎಂದು ಹೇಳಿದರೆ ಮುಗಿಯಿತು. ಕಿಟಕಿಯನ್ನು ಹಿಗ್ಗಿಸಿದಾಗ ಹೆಚ್ಚಿನ ಜಾಗ ಯಾರ ಪಾಲಿಗೆ ಎಂಬುದನ್ನೂ ಮೊದಲೇ ಹೇಳಿಡಬಹುದು.

ಮೂರನೆಯದು ಕಾಯುವುದು. ಇದು ಎಲ್ಲಕ್ಕಿಂತ ಹೊಸದು. ಮೊದಲಿನ ಕಾರ್ಯಕ್ರಮಗಳಲ್ಲಿ ಯಂತ್ರ ಕೇಳುತ್ತದೆ, ನಾವು ಉತ್ತರಿಸುತ್ತೇವೆ, ಯಂತ್ರ ಮುಂದೆ ಹೋಗುತ್ತದೆ. ಕಿಟಕಿಯ ಲೋಕದಲ್ಲಿ ಇದು ತಿರುವುಮುರುವು. ಬಸ್ ನಿಲ್ದಾಣದ ಕಂಟ್ರೋಲರ್‌ನನ್ನು ನೆನೆಯಿರಿ. ಅವನು ಬಸ್ ಓಡಿಸುವುದಿಲ್ಲ. ಕುರ್ಚಿಯಲ್ಲಿ ಕೂತಿರುತ್ತಾನೆ. ಮುಂಡರಗಿ ಗಾಡಿ ಬಂದರೆ ಅದರ ಹೊತ್ತು ಬರೆದುಕೊಳ್ಳುತ್ತಾನೆ, ಶಿರಹಟ್ಟಿ ಗಾಡಿ ಬಂದರೆ ಅದರದ್ದು. ಯಾವುದು ಮೊದಲು ಬರುತ್ತದೆ ಎಂಬುದು ಅವನ ಕೈಯಲ್ಲಿಲ್ಲ. ಯಾವುದು ಬಂದರೆ ಏನು ಮಾಡಬೇಕು ಎಂಬುದು ಮಾತ್ರ ಅವನಿಗೆ ಗೊತ್ತು. ಟಿಕಿಂಟರ್ ಕಾರ್ಯಕ್ರಮದ ಕೊನೆಯ ಸಾಲಾದ ‘ಮೇನ್‌ಲೂಪ್’ ಎಂದರೆ ಕಂಟ್ರೋಲರ್ ಕುರ್ಚಿಯಲ್ಲಿ ಕೂತ ಎಂದರ್ಥ. ಅವನು ಒಂದೇ ಗಾಡಿಯ ಡ್ರೈವರ್ ಜೊತೆ ಹತ್ತು ನಿಮಿಷ ಮಾತಿಗೆ ನಿಂತರೆ ಹಿಂದಿನ ಗಾಡಿಗಳೆಲ್ಲ ನಿಲ್ಲುತ್ತವೆ. ಕಿಟಕಿ ‘ಹ್ಯಾಂಗ್’ ಆಯಿತು ಎಂದು ನಾವು ಬೈಯುವುದು ಬಹಳ ಸಲ ಇದಕ್ಕೇ. ಒಂದು ಬಟನ್‌ಗೆ ಹೇಳಿದ ಕೆಲಸ ಮುಗಿಯುವವರೆಗೆ ಉಳಿದ ಬಟನ್‌ಗಳ ಕರೆ ಕೇಳುವವರಿರುವುದಿಲ್ಲ.

ಇಷ್ಟಾದ ಮೇಲೆ ಐದು ಬಟನ್ ನಿಂತವು. ನಿಜವಾದ ಪ್ರಶ್ನೆ ಈಗ ಎದ್ದಿತು: ಹೆಸರುಗಳು ಹೇಗೆ ಕಾಣುತ್ತವೆ?

‘ಗದಗ’ ಯಾವ ಯಂತ್ರದಲ್ಲೂ ಕೆಡುವುದಿಲ್ಲ. ಮೂರು ಅಕ್ಷರ, ಮೂರು ಸಂಕೇತ. ಕಾಗುಣಿತ ಇಲ್ಲ, ಒತ್ತು ಇಲ್ಲ. ತಿರುಗಿಸಿ ಓದಿದರೂ ಗದಗವೇ. ಬೆಟಗೇರಿಗೆ ಕಣ್ಣಿಗೆ ಕಾಣುವುದು ನಾಲ್ಕು ಅಕ್ಷರ, ಆದರೆ ಒಳಗೆ ಏಳು ಸಂಕೇತ. ಮುಂಡರಗಿಗೂ ಏಳು, ಶಿರಹಟ್ಟಿಗೆ ಎಂಟು. ಲಕ್ಷ್ಮೇಶ್ವರ ಕಣ್ಣಿಗೆ ನಾಲ್ಕೇ: ಲ, ಕ್ಷ್ಮೇ, ಶ್ವ, ರ. ಪೈಥಾನ್‌ಗೆ ಅದರ ಉದ್ದ ಕೇಳಿದರೆ 11 ಎನ್ನುತ್ತದೆ. 1991ರಲ್ಲಿ ಯುನಿಕೋಡ್ ಮೊದಲ ಆವೃತ್ತಿ ಬಂದಾಗಲೇ ಕನ್ನಡಕ್ಕೆ 128 ಮನೆಗಳ ಜಾಗ ಸಿಕ್ಕಿತು. ಭಾರತದ್ದೇ ಆದ ‘ಇಸ್ಕಿ’ ಸಂಕೇತದ ಮಾದರಿಯಲ್ಲಿ ಅಲ್ಲಿ ಸ್ವರ, ವ್ಯಂಜನ, ಕಾಗುಣಿತದ ಚಿಹ್ನೆ, ವಿರಾಮ ಚಿಹ್ನೆ ಇವೆ. ಒತ್ತಕ್ಷರಕ್ಕೆ ಬೇರೆ ಮನೆ ಇಲ್ಲ. ಕ, ವಿರಾಮ, ಷ, ವಿರಾಮ, ಮ, ಏಕಾರ ಎಂದು ಉಚ್ಚಾರದ ಕ್ರಮದಲ್ಲಿ ಬರೆದಿಟ್ಟರೆ ‘ಕ್ಷ್ಮೇ’ ಆಗಬೇಕು.

ಆಗಿಸುವುದು ಯಾರು? ಗಮನಿಸಿ: ಏಕಾರ ಕೇಳಿಸುವುದು ಮಕಾರದ ಜೊತೆ, ಆದರೆ ಬರೆಯುವಾಗ ಅದು ಕಕಾರದ ತಲೆಗೆ ಏರುತ್ತದೆ. ಅದರ ದೀರ್ಘದ ಕೊಂಬು ಬಲಕ್ಕೆ ಬಂದು ನಿಲ್ಲುತ್ತದೆ. ಷ ಕಕಾರದೊಂದಿಗೆ ಬೆಸೆಯುತ್ತದೆ, ಮ ಕೆಳಗಿಳಿಯುತ್ತದೆ. ಗದಗಿನ ಕಂಪೋಜಿಟರ್ ಬೆರಳಿನಿಂದ ಮಾಡುತ್ತಿದ್ದ ಕೆಲಸವೇ ಇದು. ಕಂಪ್ಯೂಟರಿನಲ್ಲಿ ಇದನ್ನು ‘ಶೇಪಿಂಗ್’, ಅಕ್ಷರಕ್ಕೆ ಆಕಾರ ಕೊಡುವುದು, ಎನ್ನುತ್ತಾರೆ. ಲಿನಕ್ಸ್‌ನಲ್ಲಿ ಟಿಕೆ 8.6 ಅಕ್ಷರ ಬಿಡಿಸಲು ‘ಎಕ್ಸ್‌ಎಫ್‌ಟಿ’ಯನ್ನು ನೆಚ್ಚುತ್ತದೆ. ಅದು ಒಂದು ಸಂಕೇತಕ್ಕೆ ಒಂದು ಚಿತ್ರ ಎಂದು ಸಾಲಾಗಿ ಇಡುತ್ತದೆ, ಆಕಾರ ಕೊಡುವುದಿಲ್ಲ. ಇಂಗ್ಲಿಷಿಗೆ ಅಷ್ಟು ಸಾಕು. ಕನ್ನಡದಲ್ಲಿ ಕ, ಷ, ಮ ಮೂರೂ ತಲೆಕಟ್ಟು ಹೊತ್ತು ಪೂರ್ಣ ಗಾತ್ರದಲ್ಲಿ ಸಾಲಾಗಿ ನಿಲ್ಲುತ್ತವೆ, ನಡುವೆ ವಿರಾಮ ಚಿಹ್ನೆಗಳು ಅನಾಥವಾಗಿ ತೇಲುತ್ತವೆ. ವಿಂಡೋಸ್‌ನಲ್ಲಿ ಆ ಕೆಲಸವನ್ನು ಕಾರ್ಯಾಚರಣ ವ್ಯವಸ್ಥೆಯೇ ಮಾಡುವುದರಿಂದ ಅದೇ ಟಿಕೆಯಲ್ಲಿ ಅದೇ ಹೆಸರು ಸರಿಯಾಗಿ ಕಾಣುತ್ತದೆ.

ಈ ಮುರಿದ ಹೆಸರು ನನ್ನನ್ನು ಯಾಕೆ ಇಷ್ಟು ಕಾಡಿತು ಎಂದರೆ, ಲಕ್ಷ್ಮೇಶ್ವರ ಎಂದರೆ ಹಳೆಯ ಪುಲಿಗೆರೆ. ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ ಕನ್ನಡದ ತಿರುಳನ್ನು ಗುರುತಿಸಲು ನಾಲ್ಕು ಊರುಗಳನ್ನು ಹೆಸರಿಸುತ್ತದೆ: ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದ. ಪಂಪ ತನ್ನ ಕಾವ್ಯದ ಭಾಷೆಗೆ ಪುಲಿಗೆರೆಯ ತಿರುಳ್ಗನ್ನಡವನ್ನೇ ಆಧಾರ ಎಂದು ಹೇಳಿಕೊಂಡಿದ್ದಾನೆ. ಕನ್ನಡದ ಅಳತೆಗೋಲಾಗಿದ್ದ ಊರಿನ ಇಂದಿನ ಹೆಸರೇ ಐದರಲ್ಲಿ ಎಲ್ಲಕ್ಕಿಂತ ಹೆಚ್ಚು ಒಡೆಯುತ್ತದೆ.

ಇದಕ್ಕೆ ಉತ್ತರ ಇನ್ನೊಂದು ಪೆಟ್ಟಿಗೆಯಲ್ಲಿತ್ತು, ಅದೂ ಬರ್ಕ್ಲಿಯದ್ದೇ. 1995ರಲ್ಲಿ ಅಲ್ಲಿನ ವಿದ್ಯಾರ್ಥಿಗಳಾದ ಸ್ಪೆನ್ಸರ್ ಕಿಂಬಲ್ ಮತ್ತು ಪೀಟರ್ ಮ್ಯಾಟಿಸ್ ‘ಗಿಂಪ್’ ಎಂಬ ಚಿತ್ರ ತಿದ್ದುವ ತಂತ್ರಾಂಶ ಬರೆಯತೊಡಗಿದರು. ಮೊದಲು ಬಳಸಿದ್ದು ಮೋಟಿಫ್. ಅದು ಪರವಾನಗಿಗೆ ಕಟ್ಟುಬಿದ್ದ ಸೊತ್ತು, ಹಂಚಬೇಕೆಂದವರಿಗೆ ಅಡ್ಡಿ. ಆದ್ದರಿಂದ ತಮ್ಮದೇ ಟೂಲ್‌ಕಿಟ್ ಬರೆದರು. ಅದೇ ‘ಜಿಟಿಕೆ’. ಅತ್ತ ನಾರ್ವೆಯಲ್ಲಿ ಹೋವರ್ಡ್ ನೋರ್ಡ್ ಮತ್ತು ಐರಿಕ್ ಶಾಂಬೆ-ಎಂಗ್ ‘ಕ್ಯೂಟಿ’ ಕಟ್ಟಿದರು. ಅದರ ಮೇಲೆ 1996ರಲ್ಲಿ ಕೆಡಿಇ ಶುರುವಾದಾಗ ಪರವಾನಗಿಯ ತಕರಾರು ಎದ್ದಿತು. ಆ ತಕರಾರಿನಿಂದಲೇ 1997ರಲ್ಲಿ ಜಿಟಿಕೆಯನ್ನು ನೆಚ್ಚಿದ ‘ಗ್ನೋಮ್’ ಹುಟ್ಟಿತು. ಕ್ಯೂಟಿಯೂ ಮುಂದೆ ಮುಕ್ತವಾಯಿತು.

2002ರ ಜಿಟಿಕೆ 2.0ಕ್ಕೆ ಓವನ್ ಟೇಲರ್ ಮತ್ತು ಗೆಳೆಯರ ‘ಪ್ಯಾಂಗೊ’ ಸೇರಿತು. ಗ್ರೀಕಿನ ‘ಪ್ಯಾನ್’ ಎಂದರೆ ಎಲ್ಲ, ಜಪಾನಿಯ ‘ಗೊ’ ಎಂದರೆ ಭಾಷೆ. ಪ್ಯಾಂಗೊ ಈಗ ಆಕಾರದ ಕೆಲಸವನ್ನು ‘ಹಾರ್ಫ್‌ಬಜ್’ಗೆ ಒಪ್ಪಿಸುತ್ತದೆ. ಅದು 11 ಸಂಕೇತಗಳನ್ನು ಓದಿ, ಫಾಂಟಿನೊಳಗೆ ಬರೆದಿಟ್ಟ ನಿಯಮಗಳನ್ನು ನೋಡಿ, ಯಾವುದು ಬೆಸೆಯಬೇಕು, ಯಾವುದು ಇಳಿಯಬೇಕು ಎಂದು ತೀರ್ಮಾನಿಸುತ್ತದೆ. ಫಾಂಟು ಮೊಳೆಯ ಕೇಸು, ಹಾರ್ಫ್‌ಬಜ್ ಕಂಪೋಜಿಟರ್, ಜಿಟಿಕೆ ಆ ಸಾಲನ್ನು ಚೌಕಟ್ಟಿಗೆ ಕೂರಿಸುವ ಕೈ.

ನಡುವಿನ ವರ್ಷಗಳಲ್ಲಿ ಕನ್ನಡ ಸುಮ್ಮನೆ ಕಾಯುತ್ತ ಕೂತಿರಲಿಲ್ಲ ಎಂಬುದನ್ನೂ ಹೇಳಬೇಕು. ಕೆ. ಪಿ. ರಾವ್ ಧ್ವನಿಯ ಆಧಾರದ ಕೀಲಿಮಣೆ ರೂಪಿಸಿದರು. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ಬಂತು, ಆಮೇಲೆ ಕನ್ನಡ ಗಣಕ ಪರಿಷತ್ತಿನ ‘ನುಡಿ’. ಟೂಲ್‌ಕಿಟ್‌ಗಳಿಗೆ ಆಕಾರ ಕೊಡುವುದು ಗೊತ್ತಿಲ್ಲದ ಕಾಲದಲ್ಲಿ ಇವು ಅಕ್ಷರದ ತುಂಡುಗಳನ್ನೇ ಇಂಗ್ಲಿಷ್ ಅಕ್ಷರಗಳ ಮನೆಯಲ್ಲಿಟ್ಟು ಜೋಡಿಸಿದವು. ಮೊಳೆಯ ಉಪಾಯವೇ ಅದು. ಡಿಟಿಪಿ ಅಂಗಡಿಗಳು ನಡೆದದ್ದು ಆ ಉಪಾಯದಿಂದ. ಆದರೆ ಫಾಂಟು ಬದಲಾದರೆ ಪುಟ ಗೋಜಲಾಗುತ್ತಿತ್ತು, ಪದ ಹುಡುಕಿದರೆ ಸಿಗುತ್ತಿರಲಿಲ್ಲ. ಯುನಿಕೋಡ್ ಮತ್ತು ಶೇಪಿಂಗ್ ಸೇರಿ ಬಿಡಿಸಿದ ಗಂಟು ಇದು.

ಕಲಿಯುತ್ತ ಹೋದಂತೆ ನನಗೆ ಮತ್ತೆ ಮತ್ತೆ ನೆನಪಾದದ್ದು ಗದಗ ತಾಲ್ಲೂಕಿನ ಕಣಗಿನಹಾಳ. 1905ರಲ್ಲಿ ಸಿದ್ದನಗೌಡ ಪಾಟೀಲರ ಮುಂದಾಳ್ತನದಲ್ಲಿ ಅಲ್ಲಿ ಭಾರತದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ನಿಂತಿತು. ಸಾಹುಕಾರನ ಹತ್ತಿರ ಕೈಯೊಡ್ಡುವ ಬದಲು ರೈತರು ತಮ್ಮ ಹಣವನ್ನೇ ಒಟ್ಟುಗೂಡಿಸಿ ತಮಗೇ ಸಾಲ ಕೊಟ್ಟುಕೊಂಡರು. ಜಿಟಿಕೆ, ಪ್ಯಾಂಗೊ, ಹಾರ್ಫ್‌ಬಜ್ ನಡೆಯುವುದೂ ಇದೇ ನೀತಿಯಲ್ಲಿ: ಯಾರು ಬೇಕಾದರೂ ತೆಗೆದುಕೊಳ್ಳಬಹುದು, ತಿದ್ದಬಹುದು, ತಿದ್ದಿದ್ದನ್ನು ಮರಳಿ ಸೇರಿಸಬಹುದು. ಮಾರುಕಟ್ಟೆಯ ಲೆಕ್ಕದಲ್ಲಿ ಶಿರಹಟ್ಟಿಯ ಟಕಾರದ ಒತ್ತು ಸರಿಯಾಗಲಿ ಎಂದು ಹಣ ಹೂಡುವವರು ಕಡಿಮೆ. ಹಂಚಿಕೊಂಡ ಪೆಟ್ಟಿಗೆಯಲ್ಲಿ ಒಬ್ಬರು ಒಮ್ಮೆ ಸರಿಪಡಿಸಿದರೆ ಅದು ಎಲ್ಲರ ಶಿರಹಟ್ಟಿಗೂ ಸರಿಯಾಗುತ್ತದೆ.

ನನ್ನ ಐದು ಬಟನ್‌ಗಳನ್ನು ಜಿಟಿಕೆಯಲ್ಲಿ ಮತ್ತೆ ಕಟ್ಟಿದೆ. ತಾಯಿ-ಮಗು ಅಲ್ಲೂ ಇದೆ, ಹಾಸು-ಹೊಕ್ಕೂ ಇದೆ, ಕಂಟ್ರೋಲರ್‌ನ ಕುರ್ಚಿಯೂ ಇದೆ. ಹೆಸರು ಬೇರೆ, ತತ್ವ ಒಂದೇ. ಒಂದು ಪೆಟ್ಟಿಗೆ ಕಲಿತವನಿಗೆ ಇನ್ನೊಂದು ಅಪರಿಚಿತವಲ್ಲ. ಸಾಹಿತ್ಯದ ವಿದ್ಯಾರ್ಥಿಗಳು ಇದನ್ನು ಕಲಿಯಬೇಕೇ ಎಂದು ಕೇಳುವವರಿಗೆ ಒಂದು ಮಾತು: ಕೇಶಿರಾಜ ಸಂಧಿಗೆ ಸೂತ್ರ ಬರೆದಂತೆ ಇಂದು ಯಾರೋ ಒತ್ತಕ್ಷರಕ್ಕೆ ಸೂತ್ರ ಬರೆಯುತ್ತಿದ್ದಾರೆ. ಆ ಸೂತ್ರವನ್ನು ಓದಿ ಸರಿ-ತಪ್ಪು ಹೇಳಲು ಕನ್ನಡ ಬಲ್ಲವರೇ ಬೇಕು.