ನರದ ಸುತ್ತಲಿನ ಗಾಯಕಲೆ ಮತ್ತು ಅದರ ತಡೆ

ಕೈಕಾಲಿನ ನರಗಳ ಶಸ್ತ್ರಚಿಕಿತ್ಸೆ ಆದ ಮೇಲೆ ನರದ ಸುತ್ತ ನಾರುನಾರಾದ ಅಂಗಾಂಶ ಬೆಳೆದು, ನರವನ್ನು ಪಕ್ಕದ ಸ್ನಾಯುವಿಗೋ ಚರ್ಮಕ್ಕೋ ಅಂಟಿಸಿಬಿಡುವುದುಂಟು. ಗಾಯ ಮಾಯುವಾಗ ಕೊಲ್ಲಾಜೆನ್ ಬೆಳೆಯುವುದು ಸಹಜ. ನರದ ಮೇಲೆ ಅದು ಹೆಚ್ಚಾದಾಗ ತೊಂದರೆ. ಮಣಿಕಟ್ಟು, ಬೆರಳು ಮಡಚಿ ಬಿಚ್ಚಿದಾಗ ಮಧ್ಯಮ ನರ ಸುಮಾರು 1 ಸೆಂ.ಮೀ. ಹಿಂದೆ ಮುಂದೆ ಜಾರಬೇಕು. ಅಂಟಿಕೊಂಡ ನರ ಜಾರದೆ ಜಗ್ಗುತ್ತದೆ. ಅದರ ಉದ್ದಕ್ಕಿಂತ ಶೇ. 15ರಷ್ಟು ಹೆಚ್ಚು ಜಗ್ಗಿದರೆ ಒಳಗಿನ ರಕ್ತಸಂಚಾರ ನಿಲ್ಲುತ್ತದೆ. ಕೈ ಚಾಚಿದಾಗಲೆಲ್ಲ ಕರೆಂಟ್ ಹೊಡೆದಂತಹ ನೋವು, ಜೋಮು, ಹಿಡಿತ ಸಡಿಲವಾಗುವುದು ಇದರ ಲಕ್ಷಣಗಳು.

ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಭಾಗದಲ್ಲಿ ನರಕ್ಕೆ ಪೆಟ್ಟಾಗಬಲ್ಲ ಕೆಲಸಗಳು ಹಲವು. ಶಹಾಬಾದ್, ಚಿತ್ತಾಪುರದ ಫರಸಿ ಗಣಿ ಹಾಗೂ ಪಾಲಿಶ್ ಘಟಕಗಳಲ್ಲಿ ಕಟರ್ ಚಕ್ರ ಅಥವಾ ಹಾಸುಗಲ್ಲಿನ ಚೂಪಂಚು ಮಣಿಕಟ್ಟಿಗೆ ತಗುಲಿದರೆ ಚರ್ಮದ ಜೊತೆ ನರವೂ ತುಂಡಾಗಬಹುದು. ವಾಡಿ, ಸೇಡಂಗಳ ಸಿಮೆಂಟ್ ಕಾರ್ಖಾನೆ ಮತ್ತು ಅವಕ್ಕೆ ಕಲ್ಲು ಒದಗಿಸುವ ಗಣಿಗಳಲ್ಲಿ ಅದುರುವ ಯಂತ್ರ ಹಿಡಿಯುವವರಿಗೆ ಮಣಿಕಟ್ಟಿನಲ್ಲಿ ಮಧ್ಯಮ ನರ ಒತ್ತಿಹೋಗುವ ಕಾರ್ಪಲ್ ಟನಲ್ ತೊಂದರೆಯ ಅಪಾಯ ಹೆಚ್ಚು. ತೊಗರಿ ರಾಶಿ ಯಂತ್ರಕ್ಕೆ ಸಿಕ್ಕ ಕೈಯ ಗಾಯ ಇನ್ನೂ ಕಠಿಣ: ಅಂಗಾಂಶ ಜಜ್ಜಿಹೋಗಿ, ಹೊಟ್ಟು, ಮಣ್ಣು ಸೇರಿ ಕೀವಾದರೆ ಕಲೆಯೂ ದಟ್ಟವಾಗುತ್ತದೆ. ಕೆಲಸದ ಗಾಯಗಳಲ್ಲದೆ, ಕುಷ್ಠರೋಗದಲ್ಲಿ ಮೊಣಕೈ ಹಿಂದಿನ ನರ ಊದಿಕೊಂಡು ಸ್ಟೀರಾಯ್ಡ್‌ಗೆ ಬಗ್ಗದಿದ್ದರೆ ಅದರ ಒತ್ತಡ ಬಿಡಿಸುವ ಶಸ್ತ್ರಚಿಕಿತ್ಸೆ ಮಾಡುವುದುಂಟು. ಅಲ್ಲೂ ನರದೊಳಗಿನ ಎಳೆಎಳೆ ಬಿಡಿಸಲು ಹೋದರೆ ಹೊಸ ಕಲೆಗೆ ದಾರಿ.

ತಡೆ ಶುರುವಾಗುವುದು ಆಪರೇಷನ್ ಟೇಬಲ್ ಮೇಲೆ. ಸತ್ತ ಅಂಗಾಂಶವನ್ನೂ ಕೊಳೆಯನ್ನೂ ಪೂರ್ತಿ ತೆಗೆಯಬೇಕು. ನರವನ್ನು ಇಕ್ಕಳದಲ್ಲಿ ಹಿಸುಕದೆ ಹೊರಪದರವನ್ನಷ್ಟೇ ಹಿಡಿಯುವುದು, ಅದು ಒಣಗದಂತೆ ಸಲೈನ್ ಹಾಕುತ್ತಿರುವುದು, ಬೈಪೋಲಾರ್ ಕಾಟರಿಯಿಂದ ರಕ್ತ ನಿಲ್ಲಿಸುವುದು ಸಣ್ಣ ವಿಷಯಗಳಲ್ಲ. ರಕ್ತ ತಡೆಯಲು ಬಿಗಿದ ಟೂರ್ನಿಕೆಟ್ ಸಡಿಲಿಸಿ, ರಕ್ತ ಒಸರುವ ಜಾಗ ನೋಡಿಕೊಂಡು ಆಮೇಲೆ ಗಾಯ ಮುಚ್ಚುವುದು ಒಳ್ಳೆಯದು. ಒಳಗೆ ಹೆಪ್ಪುಗಟ್ಟಿದ ರಕ್ತವೇ ಮುಂದೆ ಕಲೆಯಾಗುತ್ತದೆ. ಹೊಲಿಗೆಗೆ ಕೂದಲಿಗಿಂತ ತೆಳುವಾದ ನೈಲಾನ್ ದಾರ, ಅದೂ ಕಡಿಮೆ. ತುದಿಗಳು ಸೇರದಿದ್ದರೆ ಬಲವಂತವಾಗಿ ಎಳೆದು ಹೊಲಿಯಬಾರದು. ಕಾಲಿನ ಸ್ಯೂರಲ್ ನರದ ತುಂಡು ತಂದು ಕಸಿ ಮಾಡುವುದೇ ಸರಿ.

ನರಕ್ಕೆ ಮೆತ್ತನೆಯ, ರಕ್ತಸಂಚಾರವಿರುವ ಹಾಸು ಬೇಕು. ಕಾರ್ಪಲ್ ಟನಲ್ ಮರುಶಸ್ತ್ರಚಿಕಿತ್ಸೆಯಲ್ಲಿ ಅಂಗೈಯ ಕಿರುಬೆರಳ ಬದಿಯ ಕೊಬ್ಬನ್ನು ಅದರ ರಕ್ತನಾಳದ ಸಮೇತ ತಿರುಗಿಸಿ ನರಕ್ಕೆ ಹೊದಿಸುತ್ತಾರೆ. ರೋಗಿಯದೇ ಅಭಿಧಮನಿಯನ್ನು ಸುತ್ತುವುದು, ಕೊಲ್ಲಾಜೆನ್ ಹೊದಿಕೆ, ಗರ್ಭವೇಷ್ಟನದ ಪೊರೆ, ಹಯಲುರಾನಿಕ್ ಆಮ್ಲದ ಜೆಲ್ ಕೂಡ ಬಳಕೆಯಲ್ಲಿವೆ. ಯಾವುದೂ ಎಲ್ಲ ರೋಗಿಗಳಿಗೂ ಸಲ್ಲುತ್ತದೆಂದು ಸಾಬೀತಾಗಿಲ್ಲ. ನರದ ಸುತ್ತ ಹಾಕಿದ ಕರಗದ ಸಿಲಿಕೋನ್ ಕೊಳವೆ ಕೆಲವರಲ್ಲಿ ನರವನ್ನೇ ಒತ್ತಿದ್ದರಿಂದ ಅದನ್ನು ಮತ್ತೆ ತೆಗೆಯಬೇಕಾಯಿತು. ಬೆಲೆಬಾಳುವ ಹೊದಿಕೆಗಿಂತ ಹಗುರ ಕೈಯೇ ಮುಖ್ಯ ಎನ್ನಬೇಕು.

ಶಸ್ತ್ರಚಿಕಿತ್ಸೆಯಲ್ಲಿ ಬರೀ ನರದ ಒತ್ತಡ ಬಿಡಿಸಿದ್ದರೆ ಮರುದಿನದಿಂದಲೇ ಬೆರಳಾಡಿಸಬಹುದು. ನರ ಹೊಲಿದಿದ್ದರೆ ಸಾಮಾನ್ಯವಾಗಿ ಮೂರು ವಾರ ಪಟ್ಟಿ ಇರುತ್ತದೆ. ನಂತರ ಫಿಸಿಯೊಥೆರಪಿಸ್ಟ್ ಹೇಳಿದಷ್ಟೇ ನರ ಜಾರಿಸುವ ವ್ಯಾಯಾಮ. ಪಟ್ಟಿ ಬಿಚ್ಚಿದ ಕೂಡಲೆ ಕಲ್ಲು ಹೊರುವುದೂ, ನೋವಿಗೆ ಹೆದರಿ ತಿಂಗಳುಗಟ್ಟಲೆ ಕೈಯನ್ನು ಜೋಳಿಗೆಯಲ್ಲಿಡುವುದೂ ಎರಡೂ ತಪ್ಪು. ಚಿಂಚೋಳಿಯ ಹಳ್ಳಿಯಿಂದ ಕಲಬುರಗಿಗೆ ಮತ್ತೆ ಮತ್ತೆ ಓಡಾಡುವುದು ದಿನಗೂಲಿಯವರಿಗೆ ಕಷ್ಟ. ಆದ್ದರಿಂದ ಮನೆಯಲ್ಲಿ ಮಾಡುವ ವ್ಯಾಯಾಮವನ್ನು ಆಸ್ಪತ್ರೆ ಬಿಡುವ ಮೊದಲೇ ಮನೆಯವರ ಮುಂದೆ ಮಾಡಿಸಿ ಕಲಿಸಬೇಕು. ಸ್ಪರ್ಶವಿಲ್ಲದ ಕೈಗೆ ಬಿಸಿನೀರಿನ ಶಾಖ ಕೊಟ್ಟರೆ ಗೊತ್ತಾಗದೆ ಸುಟ್ಟೀತು.

ನರ ದಿನಕ್ಕೆ ಸುಮಾರು 1 ಮಿ.ಮೀ. ಬೆಳೆಯುತ್ತದೆ. ಮೊಣಕೈಯಲ್ಲಿ ತುಂಡಾದದ್ದು ಅಂಗೈ ಮುಟ್ಟಲು ವರ್ಷ ಬೇಕಾದೀತು. ನರದ ಸಂಪರ್ಕವಿಲ್ಲದ ಸ್ನಾಯು ಒಂದೂವರೆ ವರ್ಷದ ಮೇಲೆ ಚೇತರಿಸಿಕೊಳ್ಳುವುದು ವಿರಳ. ಆದ್ದರಿಂದ ಮಾಯುತ್ತಿದ್ದ ಕೈಯಲ್ಲಿ ಜೋಮು ಮತ್ತೆ ಹೆಚ್ಚಿದರೆ ತಡಮಾಡದೆ ಶಸ್ತ್ರಚಿಕಿತ್ಸೆ ಮಾಡಿದ ವೈದ್ಯರಿಗೇ ತೋರಿಸಬೇಕು.